ಕೊಲೊಸ್ಟೊಮಿ ಬ್ಯಾಗ್ ಇಟ್ಟುಕೊಂಡು ವಿಮಾನ ಪ್ರಯಾಣ: ದಾವಣಗೆರೆಯಿಂದ ಹೊರಡುವವರಿಗೆ

ಶಸ್ತ್ರಚಿಕಿತ್ಸೆ ಮಾಡಿ ದೊಡ್ಡ ಕರುಳನ್ನು ಹೊಟ್ಟೆಯ ಮೇಲೆ ತೆರೆದಿರುವ ಬಾಯಿಗೆ ಸ್ಟೋಮಾ ಎನ್ನುತ್ತಾರೆ, ಅಲ್ಲಿಂದ ಬರುವ ಮಲ ತುಂಬಿಕೊಳ್ಳುವ ಚೀಲವೇ ಕೊಲೊಸ್ಟೊಮಿ ಬ್ಯಾಗ್. ದಾವಣಗೆರೆಯಿಂದ ದೆಹಲಿಗೆ ಹೊರಟರೆ ವಿಮಾನದಲ್ಲಿ ಕೂರುವುದು ಮೂರು ಗಂಟೆಯೊಳಗೆ, ದೇವನಹಳ್ಳಿ ವಿಮಾನ ನಿಲ್ದಾಣ ಮುಟ್ಟುವುದಕ್ಕೇ ಐದಾರು ಗಂಟೆ. ಆದ್ದರಿಂದ ನಾನು ಮನೆ ಬಾಗಿಲಿನಿಂದಲೇ ಲೆಕ್ಕ ಹಾಕುತ್ತೇನೆ. ಕಾರಿಗಿಂತ ರೈಲೇ ವಾಸಿ, ಶೌಚಾಲಯ ಕೈಗೆಟುಕುವಷ್ಟು ಹತ್ತಿರ ಇರುತ್ತದೆ.

ಪ್ಲೇಟ್ (ಸ್ಟೋಮಾ ಸುತ್ತ ಚರ್ಮಕ್ಕೆ ಅಂಟಿ ಬ್ಯಾಗ್ ಹಿಡಿದಿಡುವ ಬಿಲ್ಲೆ) ಬದಲಿಸುವುದು ಹಿಂದಿನ ದಿನ ಬೆಳಿಗ್ಗೆ, ತಿಂಡಿಗೆ ಮುಂಚೆ. ಆಗ ಸ್ಟೋಮಾ ಸುಮ್ಮನಿರುತ್ತದೆ. ಪ್ಲೇಟಿನ ರಂಧ್ರ ಸ್ಟೋಮಾಗಿಂತ 2-3 ಮಿ.ಮೀ. ಮಾತ್ರ ದೊಡ್ಡದಿರಲಿ, ಹೆಚ್ಚು ಅಗಲವಾದರೆ ಮಲ ಚರ್ಮಕ್ಕೆ ತಾಗಿ ಉರಿಯುತ್ತದೆ, ಅಂಟೂ ಬಿಡುತ್ತದೆ. ಚರ್ಮ ಪೂರ್ತಿ ಒಣಗಿರಬೇಕು, ಎಣ್ಣೆಪಸೆ ಇರಬಾರದು. ಅಂಟಿಸಿದ ಮೇಲೆ ಅಂಗೈಯಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಬೇಕು, ಮೈಶಾಖಕ್ಕೇ ಅಂಟು ಕೂರುವುದು. ಹೊರಡುವ ಹೊತ್ತಿಗೆ ಬದಲಿಸಿದರೆ ಸೋರುವುದು ಗೊತ್ತಾಗುವುದು ಅರ್ಧ ದಾರಿಗೆ ಬಂದ ಮೇಲೆ. ಹಿಂದಿನ ದಿನವಾದರೆ ಮನೆಯಲ್ಲೇ ಗೊತ್ತಾಗುತ್ತದೆ.

ಸಾಮಾನು ಎಷ್ಟು ಬೇಕೋ ಅದರ ಎರಡರಷ್ಟು, ಅಷ್ಟೂ ಕೈಚೀಲದಲ್ಲಿ. ಚೆಕ್-ಇನ್ ಬ್ಯಾಗ್ ತಡವಾಗಿ ಬಂದರೆ ಪರಊರಲ್ಲಿ ನಮ್ಮ ಅಳತೆಯ ಪ್ಲೇಟ್ ಹುಡುಕುವುದು ಬಲು ಕಷ್ಟ. ಪ್ಲೇಟ್‌ಗಳನ್ನು ಮನೆಯಲ್ಲೇ ಕತ್ತರಿಸಿಡಿ, ಕತ್ತರಿಯ ತಕರಾರೇ ಇರುವುದಿಲ್ಲ. ಅಂಟು ತೆಗೆಯಲು ಸ್ಪ್ರೇ ಬದಲು ಒರೆಸುವ ವೈಪ್ಸ್ ಒಯ್ಯಿರಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಇವನ್ನು ಬಿಡಬೇಡಿ, ಅಂಟು ಮೆತ್ತಗಾಗಿ ಕೆಡುತ್ತದೆ.

ವಿಮಾನದಲ್ಲಿ ನಿಜವಾಗಿ ಕಾಡುವುದು ಕರುಳಿನಿಂದ ಬ್ಯಾಗಿಗೆ ಬರುವ ಗಾಳಿ (ಗ್ಯಾಸ್). ಕ್ಯಾಬಿನ್ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು ಕಡಿಮೆಯಾಗುತ್ತದೆ. ನೆಲದ ಮೇಲೆ 100 ಮಿ.ಲೀ. ಇದ್ದ ಗಾಳಿ ಅಲ್ಲಿ ಸುಮಾರು 130 ಆಗುತ್ತದೆ. ಬ್ಯಾಗ್ ಒಡೆಯುವುದಿಲ್ಲ, ಉಬ್ಬುತ್ತದೆ. ಉಬ್ಬುವುದು ವಿಮಾನ ಮೇಲೇರುವಾಗಲೇ, ಆಗ ಬೆಲ್ಟ್ ಬಿಚ್ಚಿ ಏಳುವಂತಿಲ್ಲ. ಅದಕ್ಕೇ ಬೋರ್ಡಿಂಗ್ ಕರೆಯುವ ಮುಂಚೆ ಪೂರ್ತಿ ಖಾಲಿ ಮಾಡಿ, ಗಾಳಿಯನ್ನೂ ಹೊರಬಿಟ್ಟು ಹತ್ತುತ್ತೇನೆ. ವಾಸನೆ ತಡೆದು ಗಾಳಿ ಹೊರಬಿಡುವ ಫಿಲ್ಟರ್ ಇರುವ ಬ್ಯಾಗ್ ಒಳ್ಳೆಯದು, ಆದರೆ ಫಿಲ್ಟರ್ ಒದ್ದೆಯಾದರೆ ಗಾಳಿ ಹೋಗದು. ಪಿನ್ನಿನಿಂದ ಬ್ಯಾಗ್ ಚುಚ್ಚಬೇಡಿ. ವಾಸನೆ ಅಲ್ಲಿಂದಲೇ ಬರುತ್ತದೆ, ಕೊನೆಗೆ ಸೋರುತ್ತದೆ.

ಹಿಂದಿನ ರಾತ್ರಿಯಿಂದಲೇ ಊಟದಲ್ಲಿ ಹಿಡಿತ. ಮಿರ್ಚಿ-ಮಂಡಕ್ಕಿ, ಅವರೆಕಾಳು, ಎಲೆಕೋಸು, ಸೋಡಾ ಬೇಡ. ಮೊಸರನ್ನ, ಇಡ್ಲಿ, ಬಾಳೆಹಣ್ಣು ಸಾಕು. ಉಪವಾಸವೂ ಬೇಡ, ಖಾಲಿ ಕರುಳಲ್ಲೂ ಗಾಳಿ ಆಡುತ್ತದೆ. ನೀರು ಮಾತ್ರ ಕಡಿಮೆ ಮಾಡಬೇಡಿ, ಮಲ ಗಟ್ಟಿಯಾಗುತ್ತದೆ.

ತಪಾಸಣೆಯಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಮುಟ್ಟುವ ಮೊದಲೇ 'ಹೊಟ್ಟೆಯ ಮೇಲೆ ಮೆಡಿಕಲ್ ಬ್ಯಾಗ್ ಇದೆ' ಎಂದು ಹೇಳಿ, ಡಾಕ್ಟರ ಪತ್ರ ತೋರಿಸಿ. ಪ್ರತ್ಯೇಕ ಕೋಣೆ ಕೇಳಲು ಸಂಕೋಚ ಬೇಡ.

ಸೀಟು ದಾರಿಯ ಪಕ್ಕ, ಶೌಚಾಲಯದ ಹತ್ತಿರ. ಬೆಲ್ಟ್ ಸ್ಟೋಮಾದ ಕೆಳಗೆ ಸೊಂಟದ ಮೇಲೆ ಕೂರಲಿ. ಮೂರನೇ ಒಂದು ಭಾಗ ತುಂಬುತ್ತಿದ್ದಂತೆ ಎದ್ದು ಹೋಗಿ. ಕಮೋಡಿಗೆ ಮೊದಲು ಟಿಶ್ಯೂ ಹಾಸಿದರೆ ಎರಚುವುದಿಲ್ಲ. ತಪಾಸಣೆ ಮುಗಿದ ಮೇಲೆ ತುಂಬಿಸಿಕೊಂಡ ಬಾಟಲಿ ನೀರು ತೊಳೆಯಲು ಆಗುತ್ತದೆ. ಬಳಸಿದ ಬ್ಯಾಗನ್ನು ಕಮೋಡಿಗೆ ಹಾಕಬೇಡಿ. ಎರಡು ಕವರ್‌ನಲ್ಲಿ ಕಟ್ಟಿ ಕಸದ ಡಬ್ಬಕ್ಕೆ ಹಾಕಿ.