ಜೀವನಾಂಶದ ಅರ್ಜಿಗೆ ನಾನು ಲೆಕ್ಕ ಬರೆದ ಬಗೆ

ವಿಚ್ಛೇದನದ ಪ್ರಕರಣ ಮುಗಿಯುವುದಕ್ಕೆ ಮಗಳ ಶಾಲಾ ಶುಲ್ಕ ಕಾಯುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 24 ಮತ್ತು 26ನೇ ಕಲಮುಗಳಡಿ ನನಗೂ ಮಗಳಿಗೂ ಮಧ್ಯಂತರ ಜೀವನಾಂಶ ಕೇಳಬಹುದೆಂದು ತಿಳಿಸಿದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ನೇಮಿಸಿಕೊಟ್ಟ ವಕೀಲೆ. ಮಹಿಳೆಯರಿಗೆ ವರಮಾನ ಎಷ್ಟೇ ಇದ್ದರೂ ಈ ನೆರವು ಉಚಿತ. 15100ಕ್ಕೆ ಕರೆ ಮಾಡಿ ವಿಚಾರಿಸಬಹುದು.

ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ನೀಡಿದ ತೀರ್ಪಿನ ಪ್ರಕಾರ ಗಂಡ, ಹೆಂಡತಿ ಇಬ್ಬರೂ ಆಸ್ತಿ, ಸಾಲ, ಆದಾಯ, ಖರ್ಚುಗಳ ಅಫಿಡವಿಟ್ ಸಲ್ಲಿಸಬೇಕು. ನನ್ನ ಶಕ್ತಿಯನ್ನೆಲ್ಲ ನಾನು ಹಾಕಿದ್ದು ಇದಕ್ಕೇ. ಮನೆಪಾಠದ ಆದಾಯ ತೋರಿಸಬೇಡ, ತೋರಿಸಿದರೆ ಏನೂ ಸಿಗುವುದಿಲ್ಲ ಎಂದು ಸಂಬಂಧಿಕರೊಬ್ಬರು ಒತ್ತಾಯಿಸಿದರು. ನಾನು ಕೇಳಲಿಲ್ಲ, ಬರುವ ಪ್ರತಿ ರೂಪಾಯಿಯನ್ನೂ ಬರೆದೆ. ಹೆಂಡತಿಗೆ ದುಡಿಮೆ ಇದೆ ಎಂಬ ಒಂದೇ ಕಾರಣಕ್ಕೆ ಜೀವನಾಂಶ ನಿರಾಕರಿಸುವಂತಿಲ್ಲ ಎಂದು ಅದೇ ತೀರ್ಪು ಹೇಳಿದೆ. ಪ್ರಮಾಣ ಮಾಡಿ ಸುಳ್ಳು ಹೇಳಿದವರ ಮಾತಿಗೆ ಮುಂದೆ ಯಾವ ಬೆಲೆ ಉಳಿಯುತ್ತದೆ?

ಮಗಳ ಖರ್ಚನ್ನು ನನ್ನದರಿಂದ ಬೇರ್ಪಡಿಸಿ ಬರೆದೆ. ಶುಲ್ಕ, ಶಾಲಾ ವಾಹನ, ಸಮವಸ್ತ್ರ, ಕನ್ನಡಕ, ಔಷಧಿ. ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಲೆಕ್ಕಕ್ಕೆ ತಂದೆ. ಪ್ರತಿ ಸಾಲಿನ ಎದುರೂ ರಸೀದಿಯ ಪುಟಸಂಖ್ಯೆ ಹಾಕಿದೆ. ಗಂಡನ ಆದಾಯದ ಬಗ್ಗೆ ನಮಗೆ ತಿಳಿದಿದ್ದನ್ನು ಬರೆಯಲೂ ಆ ನಮೂನೆಯಲ್ಲಿ ಜಾಗವಿದೆ. ಸಂಬಳ ಇಳಿದಿದೆ ಎಂಬ ಅವರ ವಾದಕ್ಕೆ, ಅವರೇ ಕಟ್ಟುತ್ತಿದ್ದ ಕಾರಿನ ಕಂತು ಮತ್ತು ವಿಮೆಯ ಕಂತುಗಳು ಜಂಟಿ ಖಾತೆಯ ಪಾಸ್‌ಬುಕ್ಕಿನಲ್ಲಿ ಉತ್ತರ ಕೊಟ್ಟವು. ಅದರ ಮೇಲೆ ನಾವು ಹೆಚ್ಚು ವಾದಿಸುವ ಅಗತ್ಯವೇ ಬೀಳಲಿಲ್ಲ.

ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಹಿರಿಯರ ಪಂಚಾಯಿತಿ ಮುಗಿಯಲಿ ಎಂದು ತಿಂಗಳುಗಟ್ಟಲೆ ಅರ್ಜಿಯನ್ನು ತಡೆಹಿಡಿಯಬೇಡಿ. ಮಾತುಕತೆ ಅದರ ಜೊತೆಗೇ ನಡೆಯಲಿ.

ಹಣ ಕೊಡದಿದ್ದರೆ ಮಗುವನ್ನು ಭೇಟಿಗೆ ಕಳುಹಿಸದೆ ಇರಬಹುದೇ ಎಂದು ಅನೇಕ ತಾಯಂದಿರು ನನ್ನನ್ನು ಕೇಳುತ್ತಾರೆ. ಕೂಡದು. ಭೇಟಿಯ ಆದೇಶ ಬೇರೆ, ಹಣದ ಆದೇಶ ಬೇರೆ. ತಂದೆಯನ್ನು ಕಾಣುವುದು ಮಗುವಿನ ಹಕ್ಕು. ಆದೇಶವಾದ ಮೇಲೂ ಹಣ ಬಾರದೆ ಬಾಕಿ ಉಳಿದ ತಿಂಗಳುಗಳಲ್ಲೂ ನಾನು ಮಗಳನ್ನು ಭಾನುವಾರದ ಭೇಟಿಗೆ ಕರೆದೊಯ್ದೆ, ಬಾಕಿಗಾಗಿ ಅಮಲ್ಜಾರಿ ಅರ್ಜಿಯನ್ನೂ (ಆದೇಶವನ್ನು ಜಾರಿ ಮಾಡಿಸಿಕೊಡಿ ಎಂದು ಕೋರ್ಟನ್ನು ಕೇಳುವ ಅರ್ಜಿ) ಹಾಕಿದೆ. ಸಂಬಳ ಜಪ್ತಿಗೆ ಕಾನೂನಿನಲ್ಲಿ ಅವಕಾಶವಿದೆ. ಜೀವನಾಂಶ ಕೇಳಲು ಇನ್ನೊಂದು ದಾರಿಯಾಗಿದ್ದ ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಆ ದಾರಿಯಲ್ಲಿ ಆದೇಶ ಪಡೆದವರು ಮಾತ್ರ ಒಂದು ಎಚ್ಚರ ವಹಿಸಬೇಕು: ಹಣ ಬಾಕಿಯಾದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕದಿದ್ದರೆ ಆ ಬಾಕಿಗೆ ವಾರಂಟ್ ಹೊರಡುವುದಿಲ್ಲ.

ನನ್ನ ಅಮಲ್ಜಾರಿ ಅರ್ಜಿಗೆ ನೋಟಿಸ್ ಹೋದ ಮೇಲೆ ಅವರು ಬಾಕಿಯನ್ನು ಕಂತುಗಳಲ್ಲಿ ತೀರಿಸಲು ಒಪ್ಪಿದರು. ಹಣ ನೇರವಾಗಿ ನನ್ನ ಬ್ಯಾಂಕ್ ಖಾತೆಗೇ ಜಮೆಯಾಗಬೇಕು, ಅದಕ್ಕೊಂದು ತಾರೀಖು ಇರಬೇಕು ಎಂದು ಕೇಳಿಕೊಂಡೆ. ಎರಡೂ ಆದೇಶದಲ್ಲಿ ಸೇರಿದವು.