ಗುಡಾಣದ ಹಿಂದಿನ ಬಟ್ಟಲು

ಅವ್ವನ ಮೇಲೆ ನಾನು ಬರೆದ ಮೊದಲ ಪದ್ಯಕ್ಕೆ ಜೋರು ಚಪ್ಪಾಳೆ ಬಿತ್ತು. ಮಂಡ್ಯದಲ್ಲಿ ಒಂದು ಸಣ್ಣ ಕವಿಗೋಷ್ಠಿ, ನನಗಾಗ ಇಪ್ಪತ್ತಾರು ವರ್ಷ. ಪದ್ಯದಲ್ಲಿ ಒಬ್ಬ ತಾಯಿ ಇದ್ದಳು. ಎಲ್ಲರಿಗೂ ಬಡಿಸಿ, ತಳ ಹಿಡಿದ ಹಿಟ್ಟನ್ನು ಕೆರೆದು ತಿಂದು, ಒಂದು ಚೊಂಬು ನೀರು ಕುಡಿದು ಮಲಗುತ್ತಿದ್ದಳು. (ಹಿಟ್ಟು ಅಂದರೆ ನಮ್ಮ ಕಡೆ ಮುದ್ದೆ.) ಮುಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ಕಣ್ಣೊರೆಸಿಕೊಂಡರು. ಗೆದ್ದೆ ಅಂದುಕೊಂಡೆ.

ಆಮೇಲೆ ಅದು ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಚಿಕ್ಕಪ್ಪನ ಮಗ ಜಗಲಿ ಮೇಲೆ ಕೂತು ಅವ್ವನಿಗೆ ಓದಿ ಹೇಳಿದ. ಹಬ್ಬಕ್ಕೆ ಊರಿಗೆ ಹೋದಾಗ ಅವ್ವ ಒಲೆ ಮುಂದೆಯೇ ಕೇಳಿದಳು.

"ನಾನ್ ಯಾವತ್ತವ್ವ ತಳದ ಹಿಟ್ಟು ತಿಂದೆ? ನಿಮ್ಗೆಲ್ಲ ಇಕ್ಕಕ್ಕೆ ಮುಂಚೆನೇ ನಂಗೊಂದು ಬಟ್ಲು ಎತ್ತಿಟ್ಕೋತಿದ್ದೆ. ಗುಡಾಣದ ಹಿಂದೆ. ಒಳ್ಳೊಳ್ಳೆ ತುಂಡು ನೋಡಿ. ನಾನೇನು ದಡ್ಡಿ ಅಂದ್ಕಂಡಿದ್ದೀಯಾ?"

ನಗು ಬಂತು, ನಾಚಿಕೆಯೂ ಆಯಿತು. ಇಪ್ಪತ್ತು ವರ್ಷ ಅದೇ ಅಡುಗೆಮನೆಯಲ್ಲಿ ಉಂಡವಳು ನಾನು. ಆ ಬಟ್ಟಲು ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ. ಪದ್ಯದಲ್ಲಿದ್ದ ತಾಯಿ ಪಠ್ಯಪುಸ್ತಕದವಳು, ಭಾಷಣದವಳು. ಅವಳಿಗೆ ನಮ್ಮವ್ವನ ಸೀರೆ ಉಡಿಸಿದ್ದೆ, ಅಷ್ಟೆ.

ಹುಟ್ಟಿ ಬೆಳೆದ ಮನೆ ಕವಿಯನ್ನು ರೂಪಿಸುತ್ತದೆ ಅಂತ ಸಭೆಗಳಲ್ಲಿ ಹೇಳುತ್ತಾರೆ. ಶಾಲು ಹೊದ್ದುಕೊಂಡು ನಾನೂ ಹೇಳಿದ್ದೇನೆ. ಹೇಗೆ ರೂಪಿಸುತ್ತದೆ ಅಂತ ಯಾರಾದರೂ ಕೇಳಿದ್ದರೆ ಆಗ ಉತ್ತರ ಇರಲಿಲ್ಲ. ಮನೆ ಅಂದರೆ ಕಥೆಗಳ ಗಂಟು, ಬಿಚ್ಚಿ ಒಂದೊಂದಾಗಿ ಪದ್ಯ ಮಾಡಬಹುದು ಅಂದುಕೊಂಡಿದ್ದೆ. ಆಲೆಮನೆ ಮೇಲೆ ನಾಲ್ಕು ಪದ್ಯ, ಕಾವೇರಿ ಮೇಲೆ ಮೂರು. ಮಂಡ್ಯದವರು ಬೆಲ್ಲದ ಪದ್ಯ ಬರೆಯದಿದ್ದರೆ ಜನ ಬಿಡುವುದೂ ಇಲ್ಲ, ಅಲ್ವಾ? ಆ ಏಳರಲ್ಲಿ ಒಂದೂ ಈಗ ನನ್ನ ಹತ್ತಿರ ಇಲ್ಲ. ಕಥೆಗಿಂತ ಮುಂಚೆ ಮನೆ ನನಗೆ ಕೊಟ್ಟದ್ದು ಮಾತಾಡುವ ರೀತಿ. ಯಾರು ಎಲ್ಲಿ ನಿಲ್ಲಿಸುತ್ತಿದ್ದರು, ಯಾವ ಅಕ್ಷರ ನುಂಗುತ್ತಿದ್ದರು, ಯಾರು ಅರ್ಧ ಹೇಳಿ ಎದ್ದು ಹೋಗುತ್ತಿದ್ದರು ಅನ್ನುವುದು. ಇದು ಗೊತ್ತಾಗಲು ಹತ್ತು ವರ್ಷ ಹಿಡಿಯಿತು.

ಅಕ್ಷರ ನುಂಗುವ ವಿಷಯ ಮೊದಲು ಹೇಳುತ್ತೇನೆ. ನಮ್ಮೂರು ಪಾಂಡವಪುರ ತಾಲ್ಲೂಕು. ನಮ್ಮ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಹಾಲು ಆಲು, ಹೊಲ ಒಲ. ಅಂಗಳದಲ್ಲಿ ಅಕ್ಕಿ ಒಣಗಲು ಹಾಕಿದ್ದರೆ ಅಜ್ಜಿ ಒಳಗಿಂದ ಕೂಗುತ್ತಿದ್ದಳು: "ಅಕ್ಕಿ ಬಂದು ಅಕ್ಕಿ ತಿಂತಾವೆ, ಓಡ್ಸೇ!" ನಮಗೆ ಅದರಲ್ಲಿ ಗೊಂದಲವೇ ಇರಲಿಲ್ಲ. ಯಾವ ಅಕ್ಕಿ ಓಡಿಸಬೇಕು, ಯಾವುದನ್ನು ಬಿಡಬೇಕು ಅಂತ ಗೊತ್ತಿತ್ತು.

ಕಾಲೇಜಿಗೆ ಮೈಸೂರಿಗೆ ಬಂದೆ. ಹಾಸ್ಟೆಲಿನಲ್ಲಿ "ಒಂದು ಲೋಟ ಆಲು" ಅಂದದ್ದೇ ತಡ, ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಅವತ್ತಿಂದ ಬಚ್ಚಲಿನಲ್ಲಿ ನಿಂತು ಅಭ್ಯಾಸ ಮಾಡಿದೆ. ಹಾಲು, ಹಣ್ಣು, ಹತ್ತು. ಅಭ್ಯಾಸ ಎಷ್ಟು ಜಾಸ್ತಿ ಆಯಿತೆಂದರೆ ಒಮ್ಮೆ ಅಂಗಡಿಯಲ್ಲಿ "ಹೆಲೆ ಅಡಿಕೆ" ಕೇಳಿದೆ. ಮೊದಲ ಸಂಕಲನದ ಪದ್ಯಗಳೆಲ್ಲ ಆ ಹೆದರಿಕೆಯಲ್ಲಿ ಬರೆದವು. ಹಕಾರಗಳೆಲ್ಲ ಜಾಗದಲ್ಲಿವೆ. ಒಳಗೆ ಒಬ್ಬ ಮನುಷ್ಯನೂ ಮಾತಾಡುವುದಿಲ್ಲ.

ಇದನ್ನು ಬಿಡಿಸಿದ್ದು ಮೇಲುಕೋಟೆಗೆ ಸುಮ್ನೆ ಹೋಗಿದ್ದ ಒಂದು ಭಾನುವಾರ. ಅಲ್ಲಿ ಕವಿ ಪು.ತಿ.ನ. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ. 1905ರಲ್ಲಿ ಅದೇ ಊರಲ್ಲಿ ಹುಟ್ಟಿದವರು ಅವರು. ಮನೆಮಾತು ತಮಿಳು. ಮೈಸೂರು ಸಂಸ್ಥಾನದ ಸೈನ್ಯದ ಕಚೇರಿಯಲ್ಲಿ ಕೆಲಸ. ಬರೆದದ್ದು ಕನ್ನಡ, ಅದೂ ಎಂಥ ಕನ್ನಡ! ಆ ಮನೆಯ ಹೊಸ್ತಿಲ ಹತ್ತಿರ ನಿಂತಾಗ ಒಂದು ಯೋಚನೆ ಬಂತು. ಅವರು ದಿನಾ ಮನೆಯ ಭಾಷೆಯಿಂದ ಬರೆಯುವ ಭಾಷೆಗೆ ದಾಟುತ್ತಿದ್ದರು. ನಾನೂ ದಾಟುವವಳೇ. ಎರಡು ದಡಕ್ಕೂ ಕನ್ನಡ ಅಂತಲೇ ಹೆಸರಿರುವುದರಿಂದ ನಡುವೆ ಹೊಳೆ ಇದೆ ಅಂತ ನನಗೆ ಕಂಡಿರಲಿಲ್ಲ. ಮನೆಗೆ ಬಂದು ಬರೆದೆ:

ಅಜ್ಜಿ ಬಾಯಲ್ಲಿ
ಹಕ್ಕಿಗೂ ಅಕ್ಕಿಗೂ ಒಂದೇ ಹೆಸರು.
ಹರಡಿದ್ದು ಯಾವುದು
ಹಾರಿದ್ದು ಯಾವುದು
ಮೊರ ಎತ್ತಿದ ಮೇಲೆ ಲೆಕ್ಕ.

ಇದರ ಕೆಳಗೆ ಅಜ್ಜಿಯ ಮಾತನ್ನು ಹಾಗೇ ಹಾಕಿದ್ದೆ. ಅಚ್ಚಾಗಿ ಬಂದಾಗ ಯಾರೋ ಪುಣ್ಯಾತ್ಮರು ಕರಡು ತಿದ್ದುವಾಗ "ಹಕ್ಕಿ ಬಂದು ಅಕ್ಕಿ ತಿಂತಾವೆ" ಮಾಡಿದ್ದರು. ಪದ್ಯದ ಪ್ರಾಣವೇ ಹೋಯಿತು. ಈಗ ಕಳಿಸುವಾಗ ಅಂಚಿನಲ್ಲಿ ಬರೆಯುತ್ತೇನೆ: ಇದು ತಪ್ಪಲ್ಲ, ನಮ್ಮಜ್ಜಿ.

ಅದೇ ಅಜ್ಜಿ ರಾಗಿ ಬೀಸುವ ಪದ ಬಲ್ಲವಳು. 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಗೆ ನೀರು ಬಂದಾಗ ಅವಳಿನ್ನೂ ಹುಡುಗಿ. ಆಗ ಅದನ್ನು ಇರ್ವಿನ್ ನಾಲೆ ಅನ್ನುತ್ತಿದ್ದರಂತೆ. ನಾನು ಹುಟ್ಟುವ ಹೊತ್ತಿಗೆ ರಾಗಿ ಹೊಲ ಗದ್ದೆಯಾಗಿತ್ತು, ಊರಿಗೆ ಹಿಟ್ಟಿನ ಗಿರಣಿ ಬಂದಿತ್ತು, ಬೀಸುವ ಕಲ್ಲು ಕೋಳಿ ಕವುಚಿದ ಪುಟ್ಟಿಯ ಮೇಲೆ ಭಾರಕ್ಕೆ ಕೂತಿತ್ತು. ಪದ ಮಾತ್ರ ಉಳಿದಿತ್ತು. ಮೊರದಲ್ಲಿ ಕಲ್ಲು ಆರಿಸುತ್ತಾ ಹಾಡುತ್ತಿದ್ದಳು. ಮೈ ಮಾತ್ರ ಕಲ್ಲು ತಿರುಗಿಸುವ ಹಾಗೇ ತೂಗುತ್ತಿತ್ತು.

ಆ ಪದಗಳು ತ್ರಿಪದಿ ಅಂತ ಎಂಎ ತರಗತಿಯಲ್ಲಿ ಗೊತ್ತಾಯಿತು. ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು ಗಣ, ಮೂರನೆಯದಕ್ಕೆ ಮೂರೇ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಇದೆ, ಅಂದರೆ ಸುಮಾರು 1,300 ವರ್ಷ ಹಳೆಯದು. ತರಗತಿಯಲ್ಲಿ ಹೇಳದ ಒಂದು ಸಂಗತಿ ಅಜ್ಜಿಯ ಪಕ್ಕ ಕೂತವರಿಗೆ ಮಾತ್ರ ಕಾಣುತ್ತಿತ್ತು. ಎರಡನೆಯ ಸಾಲಿನ ತುದಿಯನ್ನು ಅವಳು ಮತ್ತೆ ಎತ್ತಿಕೊಂಡು ಹಾಡುತ್ತಿದ್ದಳು. ರಾಗಕ್ಕೆ ಅಂತ ನಾವು ತಿಳಿದಿದ್ದೆವು. ಆ ಹೊತ್ತಿನಲ್ಲಿ ಅವಳು ಮೂರನೆಯ ಸಾಲು ಹುಡುಕಿಕೊಳ್ಳುತ್ತಿದ್ದಳು ಅಂತ ಈಗ ನನ್ನ ಅನುಮಾನ. ಯಾಕೆಂದರೆ ನಾನೂ ಹಾಗೇ ಮಾಡುತ್ತೇನೆ. ಪದ್ಯ ನಿಂತುಬಿಟ್ಟರೆ ಕೊನೆಯ ಸಾಲನ್ನೇ ಕೆಳಗೆ ಮತ್ತೆ ಮತ್ತೆ ಬರೆಯುತ್ತೇನೆ. ಆರು ಸಲ, ಏಳು ಸಲ. ಎಲ್ಲೋ ಒಂದು ಕಡೆ ಪೆನ್ನು ಬೇರೆ ಪದಕ್ಕೆ ತಿರುಗುತ್ತದೆ. ಆಮೇಲೆ ಮೇಲಿನದನ್ನೆಲ್ಲ ಹೊಡೆದುಹಾಕುವುದು. ಮತ್ತೆ ಮುಗಿಸುವ ಸಾಲು ಗಿಡ್ಡ ಇರಬೇಕು. ಕೇಳುವವರ ಕಿವಿ ಇನ್ನೂ ಒಂದು ಹೆಜ್ಜೆ ಇದೆ ಅಂದುಕೊಂಡಿರುವಾಗಲೇ ನಿಲ್ಲಬೇಕು.

ಅಪ್ಪನದು ಕಷ್ಟ. ಅಪ್ಪ ಊರಿನ ನೀರುಗಂಟಿ. ನಾಲೆಯ ನೀರನ್ನು ತೂಬಿನಿಂದ ಯಾರ ಗದ್ದೆಗೆ ಯಾವಾಗ ಬಿಡಬೇಕು ಅಂತ ನೋಡಿಕೊಳ್ಳುವ ಕೆಲಸ. ಸುಗ್ಗಿಯಲ್ಲಿ ಕಣದಲ್ಲೇ ಒಂದಿಷ್ಟು ಭತ್ತ ಅಳೆದು ಕೊಡುತ್ತಿದ್ದರು. ನೀರು ಚೆನ್ನಾಗಿದ್ದ ವರ್ಷ ಯಾರಿಗೂ ನೀರುಗಂಟಿಯ ನೆನಪೇ ಇರುವುದಿಲ್ಲ. ಮಳೆ ಕೈಕೊಟ್ಟು, ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುವ ಕಾಲ ಬಂದರೆ ರಾತ್ರಿಯೆಲ್ಲ ನಮ್ಮ ಬಾಗಿಲು ಬಡಿಯುತ್ತಿದ್ದರು. ಮೇಲಿನ ಗದ್ದೆಯವರು ಬದು ಕಟ್ಟಿ ನೀರು ಹಿಡಿದುಕೊಂಡರೆ ಕೊನೆಯವರಿಗೆ ತೇವವೂ ಸಿಗುವುದಿಲ್ಲ. ಮೇಲಿನವನು ಅಪ್ಪನ ಸೋದರಮಾವ. ಕೊನೆಯವನು ಅಪ್ಪನ ಜೊತೆ ಓದಿದವನು.

ಹೀಗಾಗಿ ಅಪ್ಪ ವಾಕ್ಯ ಮುಗಿಸುತ್ತಿರಲಿಲ್ಲ. ಪೂರ್ತಿ ಹೇಳಿದರೆ ನಾಳೆ ಯಾರಾದರೂ ಅದನ್ನು ಹಿಡಿದು ಜಗಳಕ್ಕೆ ಬರುತ್ತಾರೆ. "ಮ್ಯಾಗಲವ್ರದ್ದು ಒಸಿ..." ಅನ್ನುತ್ತಿದ್ದ, ಅಲ್ಲಿಗೆ ಬಿಡುತ್ತಿದ್ದ. "ನೋಡವ" ಅನ್ನುತ್ತಿದ್ದ. ಯಾರನ್ನು, ಏನನ್ನು ಅಂತ ಇಲ್ಲ. ಮನೆಯಲ್ಲೂ ಹಾಗೇ. ನನ್ನ ಮದುವೆ ನಿಶ್ಚಯವಾದ ದಿನ ಅಪ್ಪ ನನ್ನ ಹತ್ತಿರ ಬಂದು, "ಮೈಸೂರು ಅಂದ್ರೆ..." ಅಂದು ಟವೆಲ್ ಕೊಡವಿ ಹೋದ. ಆ ಮಾತಿನ ಉಳಿದರ್ಧವನ್ನು ನಾನು ಇಪ್ಪತ್ತೈದು ವರ್ಷದಿಂದ ತುಂಬಿಸುತ್ತಿದ್ದೇನೆ.

ಅಪ್ಪ ತೀರಿಕೊಂಡ ಮೇಲೆ ಉದ್ದುದ್ದ ಪದ್ಯ ಬರೆಯಲು ಕೂತೆ. ಗದ್ದೆ, ಬೆವರು, ಬೆಳದಿಂಗಳು ಎಲ್ಲ ಬಂತು. ಅಪ್ಪ ಮಾತ್ರ ಬರಲಿಲ್ಲ. ಒಂದು ದಿನ ಕ್ರಿಯಾಪದಗಳನ್ನು ತೆಗೆದು ನೋಡಿದೆ. ವಾಕ್ಯಗಳು ತೂಗಾಡತೊಡಗಿದವು. ಆಗ ಆ ದನಿ ಕೇಳಿಸಿತು. ನನ್ನ ಪದ್ಯ ಅಪೂರ್ಣ, ಏನೋ ಮುಚ್ಚಿಡುತ್ತದೆ ಅಂತ ಒಬ್ಬ ವಿಮರ್ಶಕರು ಬರೆದಿದ್ದರು. ಹೌದು. ಆ ಚಾಳಿ ನನಗೆ ತೂಬಿನ ಹತ್ತಿರ ಹತ್ತಿದ್ದು.

ಈಗ ನಾನು ಕೆಲಸ ಮಾಡುವ ಕ್ರಮ ಹೀಗೆ. ಮನೆ ಮೈಸೂರಲ್ಲಿ, ಕಚೇರಿ ಮಂಡ್ಯದಲ್ಲಿ. 45 ಕಿಲೋಮೀಟರ್, ದಿನಾ ರೈಲು. ಕುಪ್ಪಳಿಯಿಂದ ಬಂದ ಕುವೆಂಪು ಮೈಸೂರಲ್ಲಿ ಕೂತು ಮಲೆನಾಡನ್ನು ಬರೆದರು; ನನ್ನ ದೂರ ಅದಕ್ಕೆ ಹೋಲಿಸಿದರೆ ಏನೂ ಅಲ್ಲ, ಆದರೂ ಊರಿನ ಮಾತು ಸರಿಯಾಗಿ ಕೇಳಿಸುವುದು ರೈಲು ಪಾಂಡವಪುರ ನಿಲ್ದಾಣ ಬಿಟ್ಟ ಮೇಲೆಯೇ. ಚೀಲದಲ್ಲಿ ಎರಡು ನೋಟ್‌ಬುಕ್. ಒಂದರಲ್ಲಿ ಬರೀ ಮಾತು: ಯಾರು ಅಂದರು, ಹೇಗೆ ಅಂದರು, ಎಲ್ಲಿ ನಿಲ್ಲಿಸಿದರು. ಅದಕ್ಕೆ ಬಣ್ಣ ಹಚ್ಚುವುದಿಲ್ಲ. ಇನ್ನೊಂದರಲ್ಲಿ ಪದ್ಯ. ಮೊದಲನೆಯದು ಹದಿನಾಲ್ಕು ಪುಸ್ತಕ ತುಂಬಿದೆ, ಎರಡನೆಯದು ಮೂರು.

ಗಂಡನ ವಿಷಯ ಜಾಸ್ತಿ ಇಲ್ಲ. ನಮ್ಮನೆಯವರು ಪದ್ಯ ಓದುವವರಲ್ಲ. ಓದಿದರೆ ಒಂದೇ ಪ್ರಶ್ನೆ: "ಇದ್ರಲ್ಲಿ ಮಾತಾಡ್ತಿರೋದು ಯಾರು?" ಉತ್ತರ ತಕ್ಷಣ ಬರದಿದ್ದರೆ ಪದ್ಯದಲ್ಲಿ ಏನೋ ಸಡಿಲ ಇದೆ ಅಂತ ಗೊತ್ತಾಗುತ್ತದೆ. ಒಮ್ಮೆ ಹೆಂಡತಿಯನ್ನು ಬಿಟ್ಟು ಹೋದವನ ಮೇಲೆ ಬರೆದಿದ್ದೆ. ನೆಂಟರು ಇವರಿಗೆ ಫೋನ್ ಮಾಡಿ ವಿಚಾರಿಸಿದರು. "ನಾನೆಲ್ಲಿಗೆ ಹೋಗಿದ್ದೆ?" ಅಂತ ಇವರು ನನ್ನನ್ನೇ ಕೇಳಿದರು. ನಮ್ಮ ಜಿಲ್ಲೆಯ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ಮೊದಲ ಸಂಕಲನ ಬಂದದ್ದು 1942ರಲ್ಲಿ. ಅವರು ಗಂಡ-ಹೆಂಡತಿಯ ಮೇಲೆ ಬರೆದರೆ ನಾಡೆಲ್ಲ ಹಾಡಿಕೊಂಡಿತು. ನಾನು ಬರೆದರೆ ಅತ್ತಿಗೆಯಂದಿರು ಮಾತು ನಿಲ್ಲಿಸುತ್ತಾರೆ.

ಅಣ್ಣನದು ಬೇರೆ. ಅಪ್ಪನ ನಂತರ ಜಮೀನು ಭಾಗವಾದದ್ದರ ಮೇಲೆ ಒಂದು ಪದ್ಯ ಇದೆ. ಅಳತೆಯ ಸರಪಳಿ ಎಳೆಯುವಾಗ ಅಣ್ಣ ನನ್ನ ಕಡೆ ನೋಡಲಿಲ್ಲ, ಅಷ್ಟೇ ಅದರಲ್ಲಿರುವುದು. ಅವನಿಗೆ ಓದಿದೆ. "ಆಕ್ಬೇಡ" ಅಂದ. ಹಾಕಲಿಲ್ಲ. ಕವಿ ಆದವರು ಯಾರಿಗೂ ಹೆದರಬಾರದು ಅಂತ ಗೆಳೆಯರು ಬೈಯುತ್ತಾರೆ. ಅವರಿಗೆ ಅಣ್ಣ ಇಲ್ಲ ಅಂತ ಕಾಣುತ್ತದೆ. ನಾನು ಬರೆದದ್ದರಲ್ಲಿ ಅದೇ ಚೆನ್ನಾಗಿರುವುದು, ಅದಂತೂ ನಿಜ. ಹೊಟ್ಟೆ ಉರಿಯುತ್ತದೆ. ಆದರೂ ಟ್ರಂಕಿನಲ್ಲೇ ಇರಲಿ.

ಅವ್ವನಿಗೆ ಈಗ ಎಂಬತ್ತರ ಹತ್ತಿರ. ಮನೆಯವರ ಮೇಲೆ ಏನೇ ಬರೆದರೂ ಮೊದಲು ಅವಳಿಗೆ ಫೋನಿನಲ್ಲಿ ಓದುತ್ತೇನೆ. ಟಿವಿ ಧಾರಾವಾಹಿಯ ಸದ್ದಿನ ನಡುವೆ ಕೇಳಿಸಿಕೊಳ್ಳುತ್ತಾಳೆ. ಬಟ್ಟಲಿನ ಪದ್ಯ ಕೇಳಿ "ಊ, ಇದು ಸರಿ" ಅಂದಿದ್ದಳು. ಹೋದ ತಿಂಗಳು ಅಪ್ಪನದು ಓದಿದೆ. 'ಬತ್ತದೆ' ಅನ್ನುವ ಒಂದೇ ಪದ ಹಿಡಿದು ಕೂತಿದ್ದೆ. ನಮ್ಮ ಕಡೆ ಬತ್ತದೆ ಅಂದರೆ ಬರುತ್ತದೆ. ಪುಸ್ತಕದವರು ಓದಿದರೆ ಒಣಗದೆ ಅಂತ ಆಗುತ್ತದೆ. ಎರಡೂ ಇರಲಿ ಅಂತ ಆಸೆ.

ನೀರು ಯಾವಾಗ, ಅಂದರು ಬಾಗಿಲಲ್ಲಿ.
ಬತ್ತದೆ, ಅಂದ ಅಪ್ಪ.
ಸನಿಕೆ ಹೆಗಲಿಗೆ,
ಕೈಗೆ ಲಾಂದ್ರ.

ಆ ಕಡೆ ಟಿವಿ ಸದ್ದು ನಿಂತಿತು.

"ಲಾಂದ್ರ ಎಲ್ಲಿತ್ತವ್ವ? ಬ್ಯಾಟ್ರಿ ಅಲ್ವಾ ನಿಮ್ಮಪ್ಪಂದು. ಮೂರು ಸೆಲ್ಲಿಂದು. ಸೆಲ್ಲು ಮುಗ್ದೋಗದೆ ಅಂತ ನನ್ ತಾವ ದುಡ್ಡು ಈಸ್ಕಂಡು ಓಗೋರು."

ರೈಲು ಯಲಿಯೂರು ದಾಟುತ್ತಿತ್ತು. ಲಾಂದ್ರ ಹೊಡೆದುಹಾಕಿದೆ.