ಫುಟ್‌ಬಾಲ್ ಸ್ಟೇಡಿಯಮ್ಮಲ್ಲಿ ರಗ್ಬಿ ಮ್ಯಾಚು: ಕಂಬ ಆಮೇಲೆ, ಮೊದಲು ಟೇಪು ಹಿಡೀರಿ

ಫುಟ್‌ಬಾಲ್ ಕ್ಲಬ್ಬಿನ ಗ್ರೌಂಡಲ್ಲಿ ರಗ್ಬಿ ಆಡಿಸೋಣ ಅಂದ ತಕ್ಷಣ ಎಲ್ಲರ ಕಣ್ಮುಂದೆ ಬರೋದು ರಗ್ಬಿ ಗೋಲಿನ ಆ ಎರಡು ಉದ್ದನೆ ಕಂಬ. ಕಂಬ ನೆಟ್ಟು ಗೆರೆ ಎಳೆದ್ರೆ ಆಯ್ತಪ್ಪ, ಸೀಟು ಇದೆ, ಲೈಟು ಇದೆ, ಹುಲ್ಲಿದೆ, ಇನ್ನೇನು ಬೇಕು ಅಂತಾರೆ. ನಿಜ ಹೇಳ್ಬೇಕಂದ್ರೆ ಕಂಬದ ಕೆಲಸ ಅಷ್ಟೇನೂ ಕಷ್ಟ ಅಲ್ಲ. ಕೂತು ತಲೆ ಕೆಡಿಸ್ಕೋಬೇಕಾಗಿರೋದು ಬೇರೆ ಎರಡು ವಿಷಯಕ್ಕೆ: ಗೋಲಿನ ಹಿಂದೆ ಎಷ್ಟು ಜಾಗ ಇದೆ, ಮತ್ತೆ ರಗ್ಬಿಯವರು ಆಡಿ ಹೋದ್ಮೇಲೆ ಆ ಹುಲ್ಲು ಯಾರ ಪಾಲಿನ ತಲೆನೋವು.

ಆಗದ ಮಾತೇನಲ್ಲ ಇದು. 2016ರ ಜೂನಲ್ಲಿ ಫ್ರಾನ್ಸಿನ ಟಾಪ್ 14 ಅನ್ನೋ ರಗ್ಬಿ ಲೀಗಿನ ಫೈನಲ್ಲು ನಡೆದಿದ್ದು ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ಬಿನ ಕ್ಯಾಂಪ್ ನೌ ಸ್ಟೇಡಿಯಮ್ಮಲ್ಲಿ, ಯಾಕಂದ್ರೆ ಅದೇ ಟೈಮಿಗೆ ಫ್ರಾನ್ಸಲ್ಲಿ ಯೂರೋ ಫುಟ್‌ಬಾಲ್ ಇತ್ತು, ಪ್ಯಾರಿಸ್ಸಿನ ದೊಡ್ಡ ಸ್ಟೇಡಿಯಂ ಖಾಲಿ ಇರಲಿಲ್ಲ. ಬಂದ ಜನ 99,124. ಅದಕ್ಕೂ ಹಿಂದಿನ ವರ್ಷ ವಿಶ್ವಕಪ್ಪಲ್ಲಿ ಜಪಾನು ದಕ್ಷಿಣ ಆಫ್ರಿಕಾನ 34-32ರಲ್ಲಿ ಸೋಲಿಸಿ ಎಲ್ಲರ ಬಾಯಿ ಮುಚ್ಚಿಸಿದ್ದೂ ಬ್ರೈಟನ್ ಫುಟ್‌ಬಾಲ್ ಕ್ಲಬ್ಬಿನ ಗ್ರೌಂಡಲ್ಲೇ. ಹಾಗಾಗಿ ಆಗತ್ತೆ, ಆದ್ರೆ ಯಾವ ಕೆಲಸ ಯಾವುದಾದ ಮೇಲೆ ಅನ್ನೋದು ತಪ್ಪಬಾರದು. ಇಲ್ಲಿ ಹೇಳ್ತಿರೋದು 15 ಜನರ ರಗ್ಬಿ ಯೂನಿಯನ್ ಲೆಕ್ಕ, 13 ಜನ ಆಡೋ ‘ರಗ್ಬಿ ಲೀಗ್’ ಅನ್ನೋ ಇನ್ನೊಂದು ಥರದ ರಗ್ಬಿಯ ಅಳತೆ ಸ್ವಲ್ಪ ಬೇರೆ ಇರತ್ತೆ.

ಮೊದಲು ಅಳತೆ

ದೊಡ್ಡ ಫುಟ್‌ಬಾಲ್ ಗ್ರೌಂಡಿನ ಮಾಮೂಲಿ ಅಳತೆ 105 ಮೀಟರ್ ಉದ್ದ, 68 ಮೀಟರ್ ಅಗಲ. ರಗ್ಬಿಗೆ ಅಗಲ 68ರಿಂದ 70, ಸೋ ಅಗಲದ್ದು ಚಿಂತೆ ಬೇಡ, ಸೈಡಿನ ಗೆರೆ ಎರಡು ಆಟಕ್ಕೂ ಒಂದೇ ಆಗ್ಬಹುದು. ಉದ್ದದಲ್ಲೇ ಇರೋದು ಪಂಚಾಯ್ತಿ. ರಗ್ಬಿಯಲ್ಲಿ ಒಂದು ಗೋಲ್ ಲೈನಿಂದ ಇನ್ನೊಂದಕ್ಕೆ 94ರಿಂದ 100 ಮೀಟರ್ ಇರ್ಬೇಕು, ಅದಾದ್ಮೇಲೆ ಎರಡೂ ಕಡೆ ಇನ್-ಗೋಲ್ ಅಂತ ಜಾಗ ಬೇಕು, ಅಲ್ಲೇ ತಾನೆ ಚೆಂಡು ನೆಲಕ್ಕೆ ಒತ್ತಿ ಟ್ರೈ ಹೊಡೆಯೋದು. ಆ ಇನ್-ಗೋಲ್ ಕನಿಷ್ಠ 6 ಮೀಟರ್, ಹೆಚ್ಚಂದ್ರೆ 22. ಅದರಾಚೆಗೂ ಸುತ್ತ 5 ಮೀಟರ್ ಏನೂ ಅಡ್ಡ ಇಲ್ಲದ ಜಾಗ ಇದ್ರೆ ಒಳ್ಳೇದು ಅಂತ ನಿಯಮ ಹೇಳತ್ತೆ.

ಈಗ ಕೂಡಿ. 94, ಎರಡು ಕಡೆ 6, ಎರಡು ಕಡೆ 5, ಒಟ್ಟು 116 ಮೀಟರ್. ಇದು ತೀರಾ ಬಿಗಿ ಹಿಡಿದ ಲೆಕ್ಕ, ಇದಕ್ಕಿಂತ ಕಮ್ಮಿ ಇದ್ರೆ ಟೂರ್ನಿ ನಡೆಸೋರ ಹತ್ರ ಮೊದಲೇ ಬರವಣಿಗೇಲಿ ಒಪ್ಪಿಗೆ ತಗೊಳ್ಳಿ, ಮ್ಯಾಚಿನ ವಾರ ಕೇಳಿದ್ರೆ ಯಾರೂ ಕೊಡಲ್ಲ. ಸ್ಟ್ಯಾಂಡು ಗ್ರೌಂಡಿಗೆ ಅಂಟಿಕೊಂಡಂಗಿರೋ ಹಳೇ ಸ್ಟೇಡಿಯಂಗಳಲ್ಲಿ ಇಲ್ಲೇ ಕಥೆ ಮುಗಿಯೋದು. ಅಳೆಯುವಾಗ ಗೋಡೆವರೆಗೆ ಅಳೀಬೇಡಿ, ಜಾಹೀರಾತು ಬೋರ್ಡಿನವರೆಗೆ ಅಳೀರಿ, ಯಾಕಂದ್ರೆ ಟ್ರೈ ಹೊಡೆದವನು ಜಾರ್ಕೊಂಡು ಹೋಗಿ ಗುದ್ದೋದು ಆ ಎಲ್‌ಇಡಿ ಬೋರ್ಡಿಗೇ. ಆ ಬೋರ್ಡನ್ನ ಹಿಂದಕ್ಕೆ ಸರಿಸೋಕಾಗತ್ತಾ, ಆಗದಿದ್ರೆ ದಪ್ಪ ಪ್ಯಾಡ್ ಕಟ್ಟೋಕಾಗತ್ತಾ, ಇದನ್ನ ಇವತ್ತೇ ಕೇಳಿ.

ಇನ್ನೊಂದು. ಬಹಳ ಸ್ಟೇಡಿಯಮ್ಮಲ್ಲಿ ಹುಲ್ಲಿನ ಸುತ್ತ ಒಂದು ಪಟ್ಟಿ ಪ್ಲಾಸ್ಟಿಕ್ ಟರ್ಫ್ ಹಾಕಿರ್ತಾರೆ, ಲೈನ್ಸ್‌ಮನ್ ಓಡೋಕೆ, ಬೆಂಚಲ್ಲಿರೋರು ವಾರ್ಮಪ್ ಮಾಡೋಕೆ. ಫುಟ್‌ಬಾಲಿಗೆ ಅದು ಹೊರಗಡೆ ಜಾಗ. ರಗ್ಬಿಗೆ ಇನ್-ಗೋಲ್ ಹಿಗ್ಗಿಸಿದ್ರೆ ಅದೇ ಪಟ್ಟಿ ಆಟದ ಜಾಗ ಆಗ್ಬಿಡತ್ತೆ, ಅದರ ಮೇಲೇ ಜನ ಡೈವ್ ಹೊಡೀತಾರೆ, ಮೂರು ಮೂರು ಜನ ಮೇಲೆ ಬೀಳ್ತಾರೆ. ಕೃತಕ ಹುಲ್ಲಿಗೆ ರಗ್ಬಿಯ ಜಾಗತಿಕ ಸಂಸ್ಥೆ ವರ್ಲ್ಡ್ ರಗ್ಬಿದು ಬೇರೇನೇ ನಿಯಮ ಇದೆ, ನಿಯಮ 22 ಅಂತ, ಬಿದ್ದಾಗ ತಲೆಗೆ ಎಷ್ಟು ಏಟು ಬೀಳತ್ತೆ ಅನ್ನೋದನ್ನೂ ಟೆಸ್ಟ್ ಮಾಡ್ತಾರೆ. ಕಾಂಕ್ರೀಟ್ ಮೇಲೆ ಕಾರ್ಪೆಟ್ ಹಾಸಿದಂಗಿರೋ ಪಟ್ಟಿ ಅದ್ರಲ್ಲಿ ಪಾಸಾಗಲ್ಲ.

ಗ್ರೌಂಡು ಯಾರ ಹೆಸರಲ್ಲಿದೆ, ಶನಿವಾರ ಯಾರದ್ದು

ಜಾಗ ಸರಿ ಇದೆ ಅಂತಾದ್ರೆ ಒಪ್ಪಂದ. ಬಾಡಿಗೆ ಎಷ್ಟು ಅನ್ನೋದಕ್ಕಿಂತ ಮುಂಚೆ ಒಂದು ಪ್ರಶ್ನೆ: ಎರಡು ಟೀಮಿಗೂ ಒಂದೇ ದಿನ ಬೇಕಾದ್ರೆ ಯಾರಿಗೆ? ಇಂಗ್ಲೆಂಡಲ್ಲಿ ಇದು ಬರೀ ಗಲಾಟೆ ವಿಷಯ ಅಲ್ಲ, ಬಡ್ತಿ ವಿಷಯ. 2012ರಲ್ಲಿ ಲಂಡನ್ ವೆಲ್ಷ್ ರಗ್ಬಿ ಕ್ಲಬ್ಬಿನವರು ಎರಡನೇ ದರ್ಜೆ ಲೀಗ್ ಗೆದ್ರು, ಆದ್ರೆ ಅವರು ಆಡ್ಬೇಕು ಅಂದ್ಕೊಂಡಿದ್ದ ಆಕ್ಸ್‌ಫರ್ಡಿನ ಕಸ್ಸಾಮ್ ಫುಟ್‌ಬಾಲ್ ಸ್ಟೇಡಿಯಮ್ಮಲ್ಲಿ ದಿನಾಂಕದ ಮೇಲೆ ಮೊದಲ ಹಕ್ಕು ಇವರದಲ್ಲ ಅಂತ ಹೇಳಿ ಮೇಲಿನ ಲೀಗಿಗೆ ಬಿಟ್ಕೊಳ್ಳಲಿಲ್ಲ, ಆಮೇಲೆ ಅಪೀಲು ಹಾಕಿ ಗೆದ್ದು ಒಳಗೆ ಬಂದ್ರು. ಇನ್ನೊಂದು ಕಡೆ ಲಂಡನ್ ಐರಿಷ್ ರಗ್ಬಿ ಕ್ಲಬ್ಬಿನವರು ರೆಡಿಂಗ್ ಫುಟ್‌ಬಾಲ್ ಕ್ಲಬ್ಬಿನ ಸ್ಟೇಡಿಯಮ್ಮಲ್ಲಿ 2000ದಿಂದ 2020ರವರೆಗೆ ಬಾಡಿಗೆಗಿದ್ರು. ಇಪ್ಪತ್ತು ವರ್ಷ ಒಂದೇ ಹುಲ್ಲು ಹಂಚ್ಕೊಂಡು ಇರ್ಬೇಕಂದ್ರೆ ಕಾಗದ ಗಟ್ಟಿ ಇರ್ಲೇಬೇಕು.

ಕಾಗದದಲ್ಲಿ ಇದಿಷ್ಟು ಇರ್ಲಿ: ಟಿವಿಯವರು ಫುಟ್‌ಬಾಲ್ ಮ್ಯಾಚನ್ನ ಶನಿವಾರದಿಂದ ಭಾನುವಾರಕ್ಕೆ ತಳ್ಳಿದ್ರೆ ರಗ್ಬಿ ಎಲ್ಲಿಗೆ ಹೋಗತ್ತೆ, ಕಪ್ ಟೂರ್ನಿಲಿ ಮುಂದಿನ ಸುತ್ತಿಗೆ ಹೋದ್ರೆ ಏನು, ಮಳೆ ಬಂದು ನೀರು ನಿಂತಾಗ ಮ್ಯಾಚು ಬೇಡ ಅನ್ನೋ ಹಕ್ಕು ಯಾರಿಗೆ, ಎಷ್ಟು ಗಂಟೆ ಒಳಗೆ ಹೇಳ್ಬೇಕು. ಮ್ಯಾಚು ಬೇಡ ಅನ್ನೋ ಹಕ್ಕು ನನ್ನ ಪ್ರಕಾರ ಹುಲ್ಲು ನೋಡ್ಕೊಳ್ಳೋ ಗ್ರೌಂಡ್ಸ್‌ಮನ್ನಿಗೇ ಕೊಡ್ಬೇಕು, ಆದ್ರೆ ಒಂದು ಗಡುವು ಹಾಕಿ, ಇಲ್ಲಾಂದ್ರೆ ಜನ ಬಸ್ಸು ಹತ್ತಿದ್ಮೇಲೆ ಫೋನು ಬರತ್ತೆ. ಸ್ಟೇಡಿಯಮ್ಮಿನ ಸುರಕ್ಷತಾ ಸರ್ಟಿಫಿಕೇಟಲ್ಲಿ ರಗ್ಬಿ ಅಂತ ಬರೆದಿದೆಯಾ ಅನ್ನೋದನ್ನೂ ನೋಡ್ಕೊಳ್ಳಿ, ಕೆಲವು ಕಡೆ ಯಾವ ಆಟಕ್ಕೆ ಅಂತ ಹೆಸರು ಹಾಕೇ ಕೊಟ್ಟಿರ್ತಾರೆ.

ಈಗ ಕಂಬ

ರಗ್ಬಿ ಕಂಬಗಳ ನಡುವೆ 5.6 ಮೀಟರ್, ಅಡ್ಡಪಟ್ಟಿ ನೆಲದಿಂದ 3 ಮೀಟರ್ ಎತ್ತರ. ನೆಲದೊಳಗೆ ಕೊಳವೆ ಥರದ ಸಾಕೆಟ್ ಹುಗಿದು ಅದರೊಳಗೆ ಕಂಬ ಇಳಿಸೋದು, ಬೇಡವಾದಾಗ ಎತ್ತಿ ಮುಚ್ಚಳ ಹಾಕೋದು. ಎಲ್ಲಿ ಹುಗೀಬೇಕು ಅನ್ನೋದೇ ಇಲ್ಲಿ ಮಜಾ. 94 ಮೀಟರಿನ ಆಟ ಇಟ್ಕೊಂಡ್ರೆ ರಗ್ಬಿ ಗೋಲ್ ಲೈನು ಫುಟ್‌ಬಾಲ್ ಗೋಲ್ ಲೈನಿಂದ 5.5 ಮೀಟರ್ ಒಳಗೆ ಬೀಳತ್ತೆ. ಫುಟ್‌ಬಾಲ್ ನೋಡೋರಿಗೆ ಆ ನಂಬರು ಗೊತ್ತಿರತ್ತೆ, ಗೋಲ್‌ಕೀಪರ್ ಗೋಲ್ ಕಿಕ್ ಇಡೋ ಸಣ್ಣ ಬಾಕ್ಸಿನ ಗೆರೆ ಇರೋದೂ ಕರೆಕ್ಟಾಗಿ ಅಲ್ಲೇ. ಅಂದ್ರೆ ನಿಮ್ಮ ಎರಡು ಸಾಕೆಟ್ ಮುಚ್ಚಳನೂ ಗೋಲ್‌ಕೀಪರ್ ದಿನಾ ಹೆಜ್ಜೆ ಹಾಕೋ, ಕಾರ್ನರ್ ಬಂದಾಗ ಹತ್ತು ಜನ ತಳ್ಳಾಡೋ ಜಾಗದಲ್ಲೇ ಬರತ್ತೆ. ಮುಚ್ಚಳದ ಮೇಲೆ ಹುಲ್ಲಿನ ಹೆಂಟೆ ಕೂರಿಸೋ ಥರದ್ದೇ ತಗೊಳ್ಳಿ, ಸುತ್ತಲಿನ ನೆಲಕ್ಕೆ ಸಮ ಇರ್ಬೇಕು, ಬೂಟಿಗೆ ತಗಲೋ ಹಾಗೆ ಒಂಚೂರೂ ಎದ್ದಿರಬಾರದು. ಅದು ಇಷ್ಟ ಇಲ್ಲಾಂದ್ರೆ 100 ಮೀಟರಿಗೆ ಹೋಗಿ, ಆಗ ಬರೀ 2.5 ಮೀಟರ್ ಒಳಗೆ ಬರತ್ತೆ, ಆದ್ರೆ ಹಿಂದೆ ಜಾಗ ಇನ್ನೂ ಜಾಸ್ತಿ ಬೇಕು. ಒಂದು ಹಿಡಿದ್ರೆ ಇನ್ನೊಂದು ತಪ್ಪತ್ತೆ.

ಗುಂಡಿ ತೋಡೋಕೆ ಮುಂಚೆ ಹಳೇ ನಕ್ಷೆ ತರಿಸಿ. ಚಳಿ ದೇಶದ ಗ್ರೌಂಡಲ್ಲಿ ನೆಲದಡಿ ಬಿಸಿನೀರಿನ ಪೈಪು ಹರಡಿರ್ತಾರೆ, ಎಲ್ಲಾ ಕಡೆ ಚರಂಡಿ ಪೈಪು ಸ್ಪ್ರಿಂಕ್ಲರ್ ಪೈಪು ಇದ್ದೇ ಇರತ್ತೆ, ಒಂದಕ್ಕೆ ಡ್ರಿಲ್ ತಗಲಿದ್ರೆ ಸಾಕೆಟ್ಟಿನ ಖರ್ಚಿಗಿಂತ ರಿಪೇರಿ ಖರ್ಚೇ ಜಾಸ್ತಿ. ಆ ಸ್ಪ್ರಿಂಕ್ಲರಿನ ತಲೆಗಳು, ಫುಟ್‌ಬಾಲ್ ಗೋಲಿನ ಗುಂಡಿಗಳು, ನೆಟ್ ಎಳೆದು ಕಟ್ಟೋ ಹಿಂದಿನ ಕಂಬದ ತೂತುಗಳು, ಇವೆಲ್ಲ ಈಗ ಇನ್-ಗೋಲ್ ಒಳಗೆ ಬರ್ತವೆ ಅನ್ನೋದು ಮರೀಬೇಡಿ. ಒಂದೊಂದಕ್ಕೂ ಮುಚ್ಚಳ ಬೇಕು. ಕಂಬ ಎತ್ತೋ ಗಾಡಿ ಹುಲ್ಲಿನ ಮೇಲೆ ಬರೋದಾದ್ರೆ ಕೆಳಗೆ ಹಲಗೆ ಹಾಸಿ, ಕಂಬದ ಬುಡಕ್ಕೆ ಪ್ಯಾಡ್ ಸುತ್ತಿ.

ಗೆರೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ಫುಟ್‌ಬಾಲಿನ ಬಿಳಿ ಗೆರೆ ಮೇಲೆ ಹಸಿರು ಬಣ್ಣ ಹೊಡೀತಾರೆ, ಅದರ ಮೇಲೆ ರಗ್ಬಿ ಗೆರೆ, ಮ್ಯಾಚು ಮುಗಿದ್ಮೇಲೆ ತೊಳೆಯೋ ಥರದ ಪೇಂಟು. ಜೋರು ಮಳೆ ಬಂದ್ರೆ ಹಳೇ ಗೆರೆ ಮೇಲೆ ಇಣುಕತ್ತೆ, ಇಣುಕ್ಲಿ ಬಿಡಿ. ಆದ್ರೆ ಹುಲ್ಲಿನ ಮೇಲೆ ದೊಡ್ಡದಾಗಿ ಬಳಿಯೋ ಸ್ಪಾನ್ಸರ್ ಲೋಗೋ ಇದೆಯಲ್ಲ, ರಗ್ಬಿಯಲ್ಲಿ ಅದು ಮಾಮೂಲಿ, ಫುಟ್‌ಬಾಲ್ ನಿಯಮದಲ್ಲಿ ಆಟದ ಜಾಗದ ಮೇಲೆ ಜಾಹೀರಾತು ನಿಷೇಧ. ಮುಂದಿನ ಫುಟ್‌ಬಾಲ್ ಮ್ಯಾಚಿಗೆ ಅದರ ನೆರಳೂ ಕಾಣಬಾರದು, ಹಾಗಾಗಿ ಮಧ್ಯೆ ಎರಡೇ ದಿನ ಇದ್ರೆ ಲೋಗೋ ಮಾರ್ಕೆಟಿಂಗಿನವರು ಎಷ್ಟೇ ಕೇಳ್ಲಿ ಬೇಡ ಅನ್ನಿ.

ಹುಲ್ಲು

ಗ್ರೌಂಡ್ಸ್‌ಮನ್ ಮುಖ ಸಪ್ಪೆ ಮಾಡ್ಕೊಂಡು ಕೂರೋದು ಸ್ಕ್ರಮ್ಮಿಗೆ, ಅಂದ್ರೆ ಎರಡು ಟೀಮಿನವರು ಬಗ್ಗಿ ಭುಜಕ್ಕೆ ಭುಜ ಕೊಟ್ಟು ಚೆಂಡಿಗಾಗಿ ತಳ್ಳಾಡೋದಕ್ಕೆ. ಒಂದೊಂದು ಕಡೆ ಎಂಟೆಂಟು ಜನ, ದೊಡ್ಡ ಲೆವೆಲ್ಲಲ್ಲಿ ಒಂದು ಕಡೆಯ ತೂಕವೇ 900 ಕೆಜಿ ಹತ್ತಿರ, ಅವರೆಲ್ಲ ಬೂಟಿನ ಮೊಳೆ ನೆಲಕ್ಕೆ ಕಚ್ಚಿಸಿ ಅಡ್ಡಕ್ಕೆ ತಳ್ತಾರೆ. ಆ ಮೊಳೆ 21 ಮಿಲಿಮೀಟರ್ ತನಕ ಉದ್ದ ಇರ್ಬಹುದು ಅಂತ ನಿಯಮವೇ ಹೇಳತ್ತೆ. ಫುಟ್‌ಬಾಲಲ್ಲಿ ಹುಲ್ಲು ಕೀಳತ್ತೆ, ಇಲ್ಲಿ ನೆಲದ ಮೇಲಿನ ಪದರವೇ ಮಡಚ್ಕೊಂಡು ಬರತ್ತೆ. ಅದೂ ಎಲ್ಲಿ ಅಂದ್ರೆ, ಗೋಲ್ ಲೈನಿಂದ 5 ಮೀಟರ್ ಒಳಗೆ ಸ್ಕ್ರಮ್ ಮಾಡೋ ಹಾಗಿಲ್ಲವಾದ್ರಿಂದ ದಾಳಿ ಜೋರಾದಾಗ ಆ 5 ಮೀಟರ್ ಗೆರೆ ಮೇಲೇ ಮತ್ತೆ ಮತ್ತೆ ಕೂರಿಸ್ತಾರೆ. 94 ಮೀಟರ್ ಲೆಕ್ಕದಲ್ಲಿ ಅದು ಫುಟ್‌ಬಾಲ್ ಗೋಲ್ ಲೈನಿಂದ 10.5 ಮೀಟರ್. ಪೆನಾಲ್ಟಿ ಸ್ಪಾಟ್ ಇರೋದು 11 ಮೀಟರಿಗೆ. ಕಂಬದ ಎದುರಿಗೇ ಸ್ಕ್ರಮ್ ಬಿದ್ರೆ ಮುಂದಿನ ವಾರ ಯಾರೋ ಪೆನಾಲ್ಟಿ ಒದೆಯುವಾಗ ಊರಿದ ಕಾಲು ಜಾರೋದು ಯಾಕೆ ಅಂತ ಗೊತ್ತಾಯ್ತಲ್ಲ.

ಬೇರಿನ ಜೊತೆ ಪ್ಲಾಸ್ಟಿಕ್ ಎಳೆ ಹೊಲಿದಿರೋ ಹೈಬ್ರಿಡ್ ಪಿಚ್ ಆಗಿದ್ರೆ ಅರ್ಧ ಗೆದ್ದಂಗೆ. ಆ ಎಳೆಗಳು ಹತ್ತಿರತ್ತಿರ 20 ಸೆಂಟಿಮೀಟರ್ ಆಳಕ್ಕೆ ಹೋಗಿರ್ತವೆ, ಬೇರು ಅದಕ್ಕೆ ಸುತ್ಕೊಂಡು ನೆಲ ಜಗ್ಗಲ್ಲ. ಬರೀ ಹುಲ್ಲಾಗಿದ್ರೆ ಮ್ಯಾಚುಗಳ ಸಂಖ್ಯೆ ಕಮ್ಮಿ ಇಟ್ಕೊಳ್ಳಿ, ಅದಕ್ಕೆ ಬೇರೆ ಔಷಧಿ ಇಲ್ಲ. ಎರಡರಲ್ಲೂ ಮಾಡ್ಬೇಕಾದ್ದು: ರಗ್ಬಿಗೆ ಮುಂಚೆ ಹುಲ್ಲು ಸ್ವಲ್ಪ ಉದ್ದ ಬಿಡಿ, ಫುಟ್‌ಬಾಲಿನವರ ಥರ ಮ್ಯಾಚಿಗೆ ಸ್ವಲ್ಪ ಮುಂಚೆ ನೀರು ಹೊಡೀಬೇಡಿ, ಚೆಂಡು ಬೇಗ ಓಡ್ಲಿ ಅಂತ ಅವರು ಹೊಡೆಯೋದು, ಇಲ್ಲಿ ಸ್ಕ್ರಮ್ ಜಾರಿ ಕುಸಿಯತ್ತೆ. ವಾರ್ಮಪ್ಪಲ್ಲಿ ಸ್ಕ್ರಮ್ ಪ್ರಾಕ್ಟೀಸು ಪಿಚ್ ಮೇಲೆ ಬೇಡ ಅಂತ ಎರಡೂ ಕೋಚುಗಳಿಗೆ ಮೊದಲೇ ತಿಳಿಸಿ, ಬೇರೆ ಜಾಗ ಕೊಡಿ. ಎರಡೂ ಆಟ ಒಂದೇ ವಾರಾಂತ್ಯ ಆದ್ರೆ ಫುಟ್‌ಬಾಲ್ ಮೊದಲು, ರಗ್ಬಿ ಆಮೇಲೆ. ಉಲ್ಟಾ ಮಾಡಿದ್ರೆ ಫುಟ್‌ಬಾಲ್ ಮ್ಯಾನೇಜರು ಸೋತ ಪ್ರತಿ ಮ್ಯಾಚಿಗೂ ಪಿಚ್ ಸರಿಯಿಲ್ಲ ಅಂತಾನೆ, ಅವನ ಮಾತಲ್ಲಿ ಸ್ವಲ್ಪ ನಿಜಾನೂ ಇರತ್ತೆ.

ಮ್ಯಾಚಿನ ದಿನ

ರಗ್ಬಿ ಟೀಮು ಅಂದ್ರೆ ಆಡೋ 15, ಬೆಂಚಿನ 8, ಒಟ್ಟು 23 ಜನ, ಮೈಕಟ್ಟು ಬೇರೆ, ಹಾಗಾಗಿ ಡ್ರೆಸ್ಸಿಂಗ್ ರೂಮಲ್ಲಿ ಕೊಕ್ಕೆ ಬೆಂಚು ಎಣಿಸಿ ನೋಡಿ. ತಲೆಗೆ ಏಟು ಬಿದ್ದವರನ್ನ ಪರೀಕ್ಷೆ ಮಾಡೋಕೆ ಗ್ರೌಂಡಿನ ಹತ್ರವೇ ಒಂದು ಸದ್ದಿಲ್ಲದ ಕೋಣೆ ಬೇಕು, 12 ನಿಮಿಷದ ಪರೀಕ್ಷೆ ಅದು, ಡಾಕ್ಟರಿಗೆ ರಿಪ್ಲೇ ನೋಡೋಕೆ ಸ್ಕ್ರೀನೂ ಬೇಕು. ಸ್ಟೋರ್ ರೂಮು ಖಾಲಿ ಮಾಡ್ಕೊಡ್ತೀವಿ ಅನ್ನೋ ಉತ್ತರ ಒಪ್ಕೋಬೇಡಿ. ಹಳದಿ ಕಾರ್ಡು ಸಿಕ್ಕವರು 10 ನಿಮಿಷ ಕೂರೋಕೆ ಕುರ್ಚಿ ಹಾಕಿ. ವಿಡಿಯೋ ರೆಫರಿ ಇದ್ರೆ ಅವರಿಗೆ ಜಾಗ, ಕೇಬಲ್ಲು.

ಗಡಿಯಾರ ಮರೆಯೋರೇ ಜಾಸ್ತಿ. ಫುಟ್‌ಬಾಲಲ್ಲಿ ಗಡಿಯಾರ ನಿಲ್ಲಲ್ಲ, ರಗ್ಬಿಯಲ್ಲಿ ರೆಫರಿ ಕೈ ಎತ್ತಿದ್ರೆ ನಿಲ್ಬೇಕು, ಮತ್ತೆ 80 ನಿಮಿಷ ಆದ್ಮೇಲೂ ಚೆಂಡು ಸಾಯೋವರೆಗೆ, ಅಂದ್ರೆ ಅದು ಆಟದಿಂದ ಹೊರಗಾಗೋವರೆಗೆ, ಆಟ ನಡೀತಾನೇ ಇರತ್ತೆ. ಸ್ಕೋರ್‌ಬೋರ್ಡಿನ ಸಾಫ್ಟ್‌ವೇರ್ ಅದನ್ನ ಮಾಡತ್ತಾ ಅಂತ ಹಿಂದಿನ ದಿನವೇ ಒಮ್ಮೆ ಓಡಿಸಿ ನೋಡಿ, ಜೊತೆಗೆ ಟ್ರೈಗೆ 5, ಪೆನಾಲ್ಟಿಗೆ 3, ಟ್ರೈ ಆದ್ಮೇಲೆ ಒದೆಯೋ ಕನ್ವರ್ಷನ್ನಿಗೆ 2 ಅಂತ ಒಂದೊಂದೇ ಒತ್ತಿ ನೋಡಿ.

ಜನರ ವ್ಯವಸ್ಥೆನೂ ಬೇರೆ. ರಗ್ಬಿಯಲ್ಲಿ ಎರಡು ಟೀಮಿನವರೂ ಸಾಮಾನ್ಯವಾಗಿ ಬೆರೆತೇ ಕೂರ್ತಾರೆ, ಹಾಗಾಗಿ ಫುಟ್‌ಬಾಲಿಗೆ ಅಂತ ಹಾಕಿರೋ ಬೇಲಿ ಗೇಟು ತೆಗೆದಿಡಬಹುದು, ಆದ್ರೆ ಆ ಗೇಟು ತೆಗೆದ್ರೆ ಹೊರಗೆ ಹೋಗೋ ದಾರಿಯ ಲೆಕ್ಕ ಬದಲಾಗತ್ತೆ, ಸೆಕ್ಯುರಿಟಿಯವರಿಗೆ ಹೊಸ ನಕ್ಷೆ ಕೊಡಿ. ಇಂಗ್ಲೆಂಡಲ್ಲಿ 1985ರ ಕಾನೂನಿನ ಪ್ರಕಾರ ದೊಡ್ಡ ಫುಟ್‌ಬಾಲ್ ಮ್ಯಾಚಲ್ಲಿ ಪಿಚ್ ಕಾಣೋ ಸೀಟಲ್ಲಿ ಕೂತು ಬಿಯರ್ ಕುಡಿಯೋ ಹಾಗಿಲ್ಲ, ರಗ್ಬಿಗೆ ಆ ನಿರ್ಬಂಧ ಇಲ್ಲ. ಪರಿಣಾಮ ಏನಂದ್ರೆ ಫುಟ್‌ಬಾಲಲ್ಲಿ ಹಾಫ್ ಟೈಮಿಗೆ ಮಾತ್ರ ಇರೋ ಬಾರ್ ರಷ್ಷು ಇಲ್ಲಿ ಪೂರ್ತಿ ಆಟ ಇರತ್ತೆ, ಟಾಯ್ಲೆಟ್ ರಷ್ಷೂ ಅಷ್ಟೇ, ಸ್ಟಾಫ್ ಜಾಸ್ತಿ ಹಾಕಿ. ಕಂಬದ ಹಿಂದೆ ಕೂರೋರಿಗೆ ಒದ್ದ ಚೆಂಡು ಮೇಲೆ ಬೀಳತ್ತೆ, ವಾರ್ಮಪ್ ಟೈಮಲ್ಲಂತೂ ಒಂದರ ಹಿಂದೆ ಒಂದು ಬರ್ತಿರತ್ತೆ, ಅನೌನ್ಸ್ ಮಾಡಿಸ್ತಿರಿ.

ಎಲ್ಲಾ ಮುಗಿದ್ಮೇಲೆ

ಜನ ಹೊರಗೆ ಹೋಗ್ತಿದ್ದಂಗೇ ಫೋರ್ಕ್ ಹಿಡ್ಕೊಂಡು ಹತ್ತಾರು ಜನ ಪಿಚ್ಚಿಗೆ ಇಳೀಬೇಕು, ಬೆಳಿಗ್ಗೆ ನೋಡೋಣ ಅಂದ್ರೆ ಎದ್ದ ಹೆಂಟೆಯ ಬೇರು ಒಣಗಿರತ್ತೆ. ಫೋರ್ಕನ್ನ ಹೆಂಟೆಯ ಅಂಚಿಂದ ಸ್ವಲ್ಪ ಆಚೆ ಚುಚ್ಚಿ, ಒಳಗಡೆಗೆ ತಳ್ಳಿ ನೆಲ ಸೇರಿಸಿ, ಕಾಲಲ್ಲಿ ಮೆತ್ತಗೆ ಒತ್ತಬೇಕು. ಮೇಲಕ್ಕೆ ಎತ್ತೋಕೆ ಹೋದ್ರೆ ಇರೋ ಬೇರೂ ಕಿತ್ಕೊಳ್ಳತ್ತೆ. ಗುಂಡಿಯಾಗೇ ಹೋಗಿರೋ ಕಡೆ ಮರಳು, ಬೀಜ. ಸ್ಟ್ಯಾಂಡಿನ ನೆರಳು ಬೀಳೋ ಕಡೆ ಹುಲ್ಲು ನಿಧಾನ ಬರತ್ತೆ, ಬೆಳೆಸೋ ಲೈಟಿನ ಗಾಡಿ ಇದ್ರೆ ಮೊದಲು ಅಲ್ಲಿ ನಿಲ್ಸಿ.

ಅದೇ ರಾತ್ರಿ ಕಂಬ ಇಳಿಸಿ, ಸಾಕೆಟ್ ಮುಚ್ಚಿ, ಎರಡೂ ಕ್ಲಬ್ಬಿನವರು ಒಟ್ಟಿಗೆ ನಡ್ಕೊಂಡು ಹೋಗಿ ಫೋಟೋ ತೆಗೀರಿ, ಮ್ಯಾಚಿಗೆ ಮುಂಚೆ ತೆಗೆದ ಫೋಟೋ ಪಕ್ಕ ಇಟ್ಟು ಸಹಿ ಹಾಕಿಸ್ಕೊಳ್ಳಿ. ಹೊಸ ಹುಲ್ಲು ಹಾಸೋ ಬಿಲ್ಲು ಬರೋದು ಸೀಸನ್ ಕೊನೇಲಿ, ಅಷ್ಟು ಹೊತ್ತಿಗೆ ಯಾವ ಗುಂಡಿ ಯಾವ ಆಟದ್ದು ಅಂತ ಯಾರಿಗೂ ನೆನಪಿರಲ್ಲ.